ಫೋರ್ಕಿಗೆ ಬಿ.ಪಿ. ನೋಡಿದ ಬೇಸಿಗೆ

ಬೈಕಿನ ಮುಂದಿನ ಫೋರ್ಕಿಗೆ ಗಾಳಿ ಒಳ್ಳೆಯದೋ ಸ್ಪ್ರಿಂಗ್ ಒಳ್ಳೆಯದೋ ಎಂದು ನಮ್ಮ ಗ್ಯಾರೇಜಿನ ಬೆಂಚಿನ ಮೇಲೆ ಈಗಲೂ ವಾದ ಹುಟ್ಟುತ್ತದೆ. ವಾದ ಕಾವೇರಿದಾಗ ಗಂಡಸರೆಲ್ಲ ಒಮ್ಮೆ ಒಳಬಾಗಿಲ ಕಡೆ ನೋಡುತ್ತಾರೆ, ನಾನು ಅಲ್ಲಿದ್ದೇನೋ ಇಲ್ಲವೋ ಎಂದು. ಇದ್ದರೆ ದನಿ ತಗ್ಗಿಸುತ್ತಾರೆ. ಇದು ನನಗೆ ಬಹಳ ಇಷ್ಟ. ನಾನು ಮೆಕ್ಯಾನಿಕ್ ಅಲ್ಲ, ಬೈಕು ಓಡಿಸಿದವಳೂ ಅಲ್ಲ. ಆನವಟ್ಟಿಯಲ್ಲಿ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದವಳು. ಆದರೂ ಫೋರ್ಕಿನ ವಿಷಯದಲ್ಲಿ ನನ್ನೆದುರು ಬಾಯಿ ಬಿಡುವ ಮುಂಚೆ ಈ ಎರಡು ತಾಲ್ಲೂಕಿನ ಜನ ಸ್ವಲ್ಪ ಯೋಚನೆ ಮಾಡುತ್ತಾರೆ.

ಎರಡು ತಾಲ್ಲೂಕು ಎಂದೆನಲ್ಲ, ನನ್ನ ಕಥೆಯೇ ಅದು. ನಾನು ಹುಟ್ಟಿದ್ದು ಶಿಕಾರಿಪುರದಲ್ಲಿ, ಕೊಟ್ಟಿದ್ದು ಸೊರಬ ತಾಲ್ಲೂಕಿನ ಈ ಆನವಟ್ಟಿಗೆ. ತವರಿಗೆ ಹೋದರೆ ‘ಐತಿ’ ಅನ್ನುತ್ತೇನೆ, ಗಂಡನ ಮನೆಗೆ ಬಂದರೆ ‘ಐತೆ’ ಅನ್ನುತ್ತೇನೆ. ಬಸ್ಸಿನಲ್ಲಿ ಕೂತಾಗ ಎಲ್ಲಿ ನನ್ನ ನಾಲಿಗೆ ಬದಲಾಗುತ್ತದೆ ಎಂದು ನನಗೇ ಗೊತ್ತಾಗುವುದಿಲ್ಲ. ತವರಿನಲ್ಲಿ ನನ್ನ ಅಣ್ಣ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಇಲ್ಲಿ ನಮ್ಮವರು ಆನವಟ್ಟಿಯ ರಸ್ತೆಬದಿಯಲ್ಲಿ ಗ್ಯಾರೇಜು ಇಟ್ಟಿದ್ದರು. ಇಬ್ಬರಿಗೂ ಬೈಕಿನ ಹುಚ್ಚು. ಮದುವೆ ಮಾತುಕತೆಗೆ ಬಂದ ದಿನವೇ ಇಬ್ಬರೂ ಹೆಣ್ಣು ನೋಡುವುದನ್ನು ಬಿಟ್ಟು ಹಿತ್ತಲಲ್ಲಿ ನಿಂತಿದ್ದ ಬೈಕಿನ ಸೈಲೆನ್ಸರ್ ನೋಡುತ್ತ ಕೂತಿದ್ದರು ಎಂದು ಅಮ್ಮ ಹೇಳಿ ಹೇಳಿ ನಗುತ್ತಿದ್ದರು.

ಎರಡು ತಾಲ್ಲೂಕಿನ ನಡುವೆ ಒಂದು ಕೆರೆ ಇತ್ತು. ಬೇಸಿಗೆಯಲ್ಲಿ ಒಣಗಿದರೆ ಅದರ ಅಂಗಳದಲ್ಲಿ ಕುರಿ ಮೇಯುತ್ತಿದ್ದವು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಮೊದಲ ಮಳೆ ಬೀಳುವ ಮುಂಚೆ ಒಂದು ಭಾನುವಾರ ಅಲ್ಲಿ ಬೈಕಿನ ಓಟ ನಡೆಯುತ್ತಿತ್ತು. ಅದಕ್ಕೆ ಬ್ಯಾನರಿಲ್ಲ, ಕಪ್ಪಿಲ್ಲ, ಹಾರವಿಲ್ಲ. ಬರುವವರು ಇಷ್ಟೇ: ಶಿಕಾರಿಪುರದ ಕಡೆಯ ಕೆಲವರು, ಸೊರಬದ ಕಡೆಯ ಕೆಲವರು. ರೈತಾಪಿ ಬೈಕುಗಳನ್ನೇ ಮಡ್‌ಗಾರ್ಡ್ ಕಿತ್ತು, ಹ್ಯಾಂಡಲ್ ಎತ್ತರಿಸಿ ಸಜ್ಜು ಮಾಡಿಕೊಂಡು ಬರುತ್ತಿದ್ದರು. ಕೆರೆಯಂಗಳದ ಮೂರು ಸುತ್ತು, ಪ್ರತಿ ಸುತ್ತಿಗೂ ಒಮ್ಮೆ ಕೆರೆಯ ಏರಿ ಹತ್ತಿ ಮತ್ತೆ ಅಂಗಳಕ್ಕೆ ಧುಮುಕಬೇಕು. ನೀರಿಳಿದ ಕೆಸರಲ್ಲಿ ದನ ಕುರಿ ತುಳಿದ ಗೊರಸಿನ ಗುರುತುಗಳು ಒಣಗಿ ಇಟ್ಟಿಗೆಯಷ್ಟು ಗಟ್ಟಿಯಾಗಿರುತ್ತಿದ್ದವು. ಅದರ ಮೇಲೆ ಬೈಕು ಓಡಿಸಿದರೆ ಹಲ್ಲು ಕಟಕಟ ಅನ್ನುತ್ತದೆ ಎಂದು ನಮ್ಮವರು ಹೇಳುತ್ತಿದ್ದರು. ಓಟ ಬಿಡುವುದು ಅಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರ ಕೆಲಸ. ಅವರು ಕಂಬಳಿ ಎತ್ತಿ ಬೀಸಿದರೆ ಹೊರಡಬೇಕು. ಅವರ ಕುರಿಗಳ ಜಾಗದಲ್ಲಿ ನಾವು ಆಡುವುದಲ್ಲವೇ, ಆ ಗೌರವ ಅವರಿಗೇ.

ಕಪ್ಪಿಲ್ಲದಿದ್ದರೂ ಅಲ್ಲೊಂದು ಪದ್ಧತಿ ಇತ್ತು. ಎಲ್ಲರಿಗಿಂತ ಮೊದಲು ಬಂದವನ ಬೈಕನ್ನು ಎದುರು ತಾಲ್ಲೂಕಿನವರಲ್ಲಿ ಮುಂದೆ ಬಂದವನು ತೊಳೆಯಬೇಕು. ತೂಬಿನ ಹತ್ತಿರ ಸ್ವಲ್ಪ ನೀರು ನಿಂತಿರುತ್ತಿತ್ತಲ್ಲ, ಅದರಲ್ಲಿ. ಬೇರೆಯವರ ಕೈಲಿ ತೊಳೆಸುವಂತಿಲ್ಲ, ಕಡ್ಡಿಗಳ ನಡುವಿನ ಮಣ್ಣನ್ನೂ ಬಿಡುವಂತಿಲ್ಲ. ಗೆದ್ದವನು ಏರಿಯ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತ, ಅಲ್ಲಿ ಉಳೀತು, ಇಲ್ಲಿ ಉಳೀತು ಎಂದು ತೋರಿಸುತ್ತಾನೆ. ನನ್ನ ಮದುವೆಯಾದಾಗಿನಿಂದ ಶಿಕಾರಿಪುರದ ಕಡೆಯಿಂದ ಮೊದಲು ಬರುತ್ತಿದ್ದವನು ನನ್ನ ಅಣ್ಣ. ಸೊರಬದ ಕಡೆಯಿಂದ ಅವನ ಹಿಂದೆ ಬರುತ್ತಿದ್ದವರು ನನ್ನ ಗಂಡ. ಹೀಗಾಗಿ ವರ್ಷ ವರ್ಷ ನನ್ನ ಗಂಡ ನನ್ನ ಅಣ್ಣನ ಬೈಕು ತೊಳೆಯುತ್ತಿದ್ದರು.

ನಮ್ಮವರಿಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ. ಸೋತರು, ತೊಳೆದರು, ಮುಗಿಯಿತು. ಮೈ ಉರಿಯುತ್ತಿದ್ದದ್ದು ನನಗೆ. ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಈಸೂರಿನವರು. ಈಸೂರಿನ ಹೆಣ್ಣುಮಕ್ಕಳು ಯಾರಿಗೂ ಸೊಪ್ಪು ಹಾಕುವ ಪೈಕಿಯಲ್ಲ, ನಾಲಿಗೆಯೂ ಹಾಗೇ. ಹಬ್ಬಕ್ಕೆ ಹೋದಾಗ ನಮ್ಮವರು ಊಟ ಮುಗಿಸಿ ಕೈ ತೊಳೆಯಲು ಎದ್ದರೆ ಸಾಕು, ಅಂಗಳದಲ್ಲಿ ಬೈಕೂ ಐತಿ ನೋಡ್ರಿ, ಹೆಂಗೂ ನೀರು ಮುಟ್ಟೀರಿ ಎಂದು ನಗುತ್ತಿದ್ದರು. ನಮ್ಮವರೂ ನಗುತ್ತಿದ್ದರು. ನಾನು ಹೋಳಿಗೆ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಡುತ್ತಿದ್ದೆ.

ಅಣ್ಣನ ಗೆಲುವಿನ ಗುಟ್ಟು ಗಾಳಿಯಲ್ಲಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಅವನು ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ಯಾವುದೋ ಹೊರದೇಶದ ಬೈಕಿನ ಫೋರ್ಕು ತಂದು ಹಾಕಿಸಿಕೊಂಡಿದ್ದ. ಫೋರ್ಕು ಎಂದರೆ ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕೊಳವೆಗಳು. ಹಳ್ಳಕ್ಕೆ ಬಿದ್ದಾಗ ಅವು ಒಂದರೊಳಗೊಂದು ಇಳಿದು ಏಟನ್ನು ನುಂಗುತ್ತವೆ. ನಮ್ಮ ಕಡೆಯ ಬೈಕುಗಳಲ್ಲಿ ಆ ಕೊಳವೆಯೊಳಗೆ ಉದ್ದದ ಸ್ಪ್ರಿಂಗ್ ಮತ್ತು ಆಯಿಲ್ ಇರುತ್ತವೆ. ಅಣ್ಣನ ಫೋರ್ಕಿನಲ್ಲಿ ಸ್ಪ್ರಿಂಗ್ ಇದ್ದರೂ ಹೆಸರಿಗೆ ಮಾತ್ರ, ಭಾರ ಹೊರುತ್ತಿದ್ದದ್ದು ಗಾಳಿ. ಎರಡೂ ಕೊಳವೆಯ ತಲೆಯ ಮೇಲೆ ಟ್ಯೂಬಿಗಿರುವಂಥ ವಾಲ್ವುಗಳಿದ್ದವು. ಬೆಳಿಗ್ಗೆ ಎದ್ದು ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಿದ್ದ. ಪಂಪಿನ ಹಿಡಿ ಗಟ್ಟಿಯಾದ ಮೇಲೆ ಇನ್ನೆರಡು ಸಲ ಒತ್ತುವುದು, ಅದೇ ಅವನ ಲೆಕ್ಕ.

ನಮ್ಮವರದು ಅಪ್ಪಟ ಸ್ಪ್ರಿಂಗು. ಸ್ಪ್ರಿಂಗು ಮೆತ್ತಗಾಯಿತು ಅನ್ನಿಸಿದರೆ ಅದರ ತಲೆಯ ಮೇಲೆ ಹೊಲಕ್ಕೆ ನೀರು ಹಾಯಿಸುವ ಪ್ಲಾಸ್ಟಿಕ್ ಪೈಪಿನ ಒಂದು ತುಂಡು ಕತ್ತರಿಸಿ ಇಟ್ಟು ಮುಚ್ಚಳ ಬಿಗಿಯುತ್ತಿದ್ದರು. ಸ್ಪ್ರಿಂಗು ಅಷ್ಟು ಮೊದಲೇ ಒತ್ತಿಕೊಂಡು ಗಟ್ಟಿಯಾಗುತ್ತಿತ್ತು. ಗಾಳಿಯ ಮಾತು ಬಂದರೆ ಮೂಗು ಮುರಿಯುತ್ತಿದ್ದರು. ಸ್ಪ್ರಿಂಗು ಬೆಳಿಗ್ಗೆ ಹೇಗಿರುತ್ತದೋ ಸಂಜೆಗೂ ಹಾಗೇ ಇರುತ್ತದೆ, ಗಾಳಿ ಯಾವಾಗ ಕೈಕೊಡುತ್ತದೆ ಎಂದು ಯಾರು ಬಲ್ಲರು ಎನ್ನುತ್ತಿದ್ದರು. ಆ ಮಾತಿನಲ್ಲಿ ನಿಜ ಇತ್ತು. ಎಷ್ಟು ನಿಜ ಎಂದು ಆಗ ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಬಂತು ಆ ಕೆಟ್ಟ ವರ್ಷ. ಕೊನೆಯ ಸುತ್ತಿನಲ್ಲಿ ಏರಿಯಿಂದ ಧುಮುಕಿದಾಗ ನಮ್ಮವರ ಫೋರ್ಕು ಪೂರ್ತಿ ಕೂತುಬಿಟ್ಟಿತು. ಒಳಗೆ ಜಾಗವೇ ಉಳಿಯದೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಏರಿಯ ಮೇಲೆ ನಿಂತಿದ್ದ ನನಗೂ ಕೇಳಿಸಿತು. ಅವರು ಬೀಳಲಿಲ್ಲ. ಓಟ ಮುಗಿಸಿ, ಬೈಕು ನಿಲ್ಲಿಸಿ, ಎಡಗೈಯನ್ನು ಎದೆಗೆ ಒತ್ತಿಕೊಂಡು ಬಂದರು. ಮಣಿಕಟ್ಟು ನೋಡಿದ ಕೂಡಲೇ ಮುರಿದಿದೆ ಎಂದು ನನಗೆ ತಿಳಿಯಿತು. ಮೊದಲು ಆನವಟ್ಟಿಗೆ ಹೋಗೋಣ ಎಂದರೆ ಕೇಳಬೇಕಲ್ಲ. ನನ್ನ ಹೆಗಲ ಮೇಲಿದ್ದ ಟವೆಲಿನಿಂದ ಕೈಯನ್ನು ಕುತ್ತಿಗೆಗೆ ಕಟ್ಟಿಸಿಕೊಂಡು ತೂಬಿನ ಕಡೆ ನಡೆದರು. ಒಂದೇ ಕೈಯಲ್ಲಿ ಅಣ್ಣನ ಬೈಕು ತೊಳೆದರು. ಬಟ್ಟೆ ಹಿಂಡಲು ಆಗದೆ ಅದನ್ನು ಕಲ್ಲಿನ ಮೇಲಿಟ್ಟು ಕಾಲಿಂದ ತುಳಿದು ನೀರು ತೆಗೆಯುತ್ತಿದ್ದರು. ಅಣ್ಣ ಸಾಕು ಬಿಡಿ ಭಾವ ಎಂದು ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಆ ದಿನ ಅತ್ತಿಗೆ ಕೂಡ ನಗಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ನಮ್ಮ ಡಾಕ್ಟರು ಅವರ ಕೈಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಮೂಳೆ ಕೂಡಿದೆ, ಆದರೆ ಇನ್ನೊಂದು ಸಲ ಇಲ್ಲೇ ಮುರಿದರೆ ಸ್ಪ್ಯಾನರ್ ಹಿಡಿಯುವುದನ್ನು ಮರೆತುಬಿಡಿ ಎಂದರು. ಗ್ಯಾರೇಜಿನವನಿಗೆ ಕೈ ಹೋದರೆ ಏನು ಉಳಿಯುತ್ತದೆ? ನಾನು ಮನೆಗೆ ಬಂದು ಇನ್ನು ಓಟ ಸಾಕು ಎಂದೆ. ಅವರು ಹೂಂ ಎಂದರು. ಅವರ ಹೂಂ ನನಗೆ ಗೊತ್ತು. ಅದು ಒಪ್ಪಿಗೆಯಲ್ಲ. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಫೋರ್ಕು ಬಿಚ್ಚಿ ಬೆಂಚಿನ ಮೇಲಿಟ್ಟುಕೊಂಡು ಕೂತರು. ಈ ಮನುಷ್ಯನನ್ನು ಹೊಸ್ತಿಲಲ್ಲಿ ತಡೆಯಲಾಗದು, ತಡೆಯುವುದಾದರೆ ಫೋರ್ಕಿನಲ್ಲೇ ತಡೆಯಬೇಕು ಎಂದು ಅವತ್ತು ತೀರ್ಮಾನ ಮಾಡಿದೆ.

ಅವರ ಕಷ್ಟ ಏನೆಂದು ನಾನು ಬೆಂಚಿನ ಪಕ್ಕ ನಿಂತು ಕೇಳಿ ತಿಳಿದುಕೊಂಡೆ. ಪೈಪಿನ ದೊಡ್ಡ ತುಂಡು ಇಟ್ಟು ಸ್ಪ್ರಿಂಗನ್ನು ಗಟ್ಟಿ ಮಾಡಿದರೆ ಏರಿಯಿಂದ ಹಾರಿದಾಗ ತಳ ಬಡಿಯುವುದಿಲ್ಲ. ಆದರೆ ಕೆರೆಯಂಗಳದ ಆ ಗೊರಸಿನ ಗುಳಿಗಳ ಒಂದೊಂದು ಏಟೂ ನೇರ ಮಣಿಕಟ್ಟಿಗೆ ಬರುತ್ತದೆ. ಮೆತ್ತಗೆ ಬಿಟ್ಟರೆ ಗುಳಿಗಳು ಗೊತ್ತಾಗುವುದಿಲ್ಲ, ಆದರೆ ಏರಿಯಲ್ಲಿ ಹೋದ ವರ್ಷದ ಗತಿಯೇ. ಮೊದಲು ಮೆತ್ತಗಿದ್ದು ಕೊನೆಗೆ ಮಾತ್ರ ಗಟ್ಟಿಯಾಗುವಂಥದ್ದು ಬೇಕು ಮಾರಾಯ್ತಿ, ಅಂಥ ಸ್ಪ್ರಿಂಗು ಎಲ್ಲಿ ತರೋದು ಎಂದರು.

ಮಾರನೆಯ ದಿನ ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದೆ. ರಬ್ಬರಿನ ಬುರುಡೆ ಒತ್ತುತ್ತಿದ್ದಂತೆ ಮೊದಮೊದಲು ಸಲೀಸಾಗಿ ಹೋಗುವ ಗಾಳಿ ಆಮೇಲಾಮೇಲೆ ಕೈಗೆ ಎದುರು ಒತ್ತುತ್ತದೆ. ಇದನ್ನು ದಿನಕ್ಕೆ ಎಷ್ಟೋ ಸಲ ಮಾಡುತ್ತಿದ್ದೆ, ಅವತ್ತು ಮಾತ್ರ ಕೈ ಅಲ್ಲೇ ನಿಂತಿತು. ಮೊದಲು ಮೆತ್ತಗೆ, ಕೊನೆಗೆ ಗಟ್ಟಿ. ಗಾಳಿಯ ಸ್ವಭಾವವೇ ಅದು. ಒತ್ತಿದಷ್ಟೂ ತಿರುಗಿ ಒತ್ತುತ್ತದೆ. ಅಜ್ಜಿ, ಏನವ್ವಾ, ಬಿ.ಪಿ. ಭಾಳ ಐತಾ ಎಂದು ಹೆದರಿ ಕೇಳಿದಾಗ ಎಚ್ಚರವಾಯಿತು. ಅವರ ಬಿ.ಪಿ. ಚೆನ್ನಾಗಿಯೇ ಇತ್ತು.

ಸಂಜೆ ಮನೆಯಲ್ಲಿ ಹೇಳಿದೆ. ಭಾರ ಹೊರಲು ನಿಮ್ಮ ಸ್ಪ್ರಿಂಗೇ ಇರಲಿ, ಪೈಪಿನ ತುಂಡು ತೆಗೆದು ಮೆತ್ತಗೆ ಮಾಡಿ, ಕೊನೆಯ ಏಟಿಗೆ ಮಾತ್ರ ಮೇಲೊಂದಿಷ್ಟು ಗಾಳಿ ಇರಲಿ ಎಂದೆ. ಅವರು ತಟ್ಟೆಯಿಂದ ಮುಖ ಎತ್ತಲಿಲ್ಲ. ನಿಮ್ಮಣ್ಣನ ಗಾಳಿ ನನ್ನ ಫೋರ್ಕಿಗೆ ಬ್ಯಾಡ ಎಂದರು. ನನಗೆ ರೇಗಿತು.

“ಗಾಳಿ ನಮ್ಮಣ್ಣನ ಅಪ್ಪನ ಮನೇದಲ್ಲ ರೀ. ಕೈ ಮಾತ್ರ ನಿಮ್ಮದು. ಅದಕ್ಕೇ ಹೇಳ್ತಿರೋದು.”

ನನ್ನ ಅಣ್ಣನ ಅಪ್ಪ ನನ್ನ ಅಪ್ಪನೂ ಹೌದು ಎನ್ನುವುದು ಆಮೇಲೆ ನೆನಪಾಯಿತು. ಅವರಿಗೆ ಅದು ಮೊದಲೇ ಹೊಳೆದಿತ್ತು. ನಕ್ಕುಬಿಟ್ಟರು. ನಕ್ಕ ಮೇಲೆ ಒಪ್ಪಲೇಬೇಕಾಯಿತು.

ನಮ್ಮ ಡಾಕ್ಟರ ಬೀರುವಿನಲ್ಲಿ ಒಂದು ಹಳೆಯ ಬಿ.ಪಿ. ಪೆಟ್ಟಿಗೆ ಇತ್ತು. ತೋಳಿಗೆ ಸುತ್ತುವ ಪಟ್ಟಿ ಹರಿದಿತ್ತು, ಪಾದರಸದ ಗಾಜಿನ ಕೊಳವೆ ಮತ್ತು ರಬ್ಬರಿನ ಬುರುಡೆ ಸರಿಯಾಗಿದ್ದವು. ಕೇಳಿದೆ. ಯಾರಿಗೆ ನೋಡುತ್ತೀಯಮ್ಮ ಎಂದರು. ಬೈಕಿಗೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಪಾದರಸ ಚೆಲ್ಲಬೇಡ ಎಂದು ಮಾತ್ರ ಹೇಳಿ ಕೊಟ್ಟರು.

ನಮ್ಮವರು ಫೋರ್ಕಿನ ಎರಡೂ ಮುಚ್ಚಳಕ್ಕೆ ತೂತು ಕೊರೆಸಿ ಹಿತ್ತಾಳೆಯ ಸಣ್ಣ ಕೊಳವೆ ಬೆಸುಗೆ ಹಾಕಿಸಿದರು. ಅಣ್ಣನ ಹಾಗೆ ಎರಡು ಕೊಳವೆಗೂ ಬೇರೆ ಬೇರೆ ಗಾಳಿ ಹೊಡೆದರೆ ಒಂದರಲ್ಲಿ ಹೆಚ್ಚು ಒಂದರಲ್ಲಿ ಕಡಿಮೆ ಆಗುತ್ತದೆಂದು ನನಗೆ ಅನುಮಾನ. ಅದಕ್ಕೆ ಎರಡನ್ನೂ ರಬ್ಬರ್ ಪೈಪಿನಿಂದ ಜೋಡಿಸಿ, ನಡುವೆ ಕವಲು ತೆಗೆದು, ಆ ಕವಲಿನಿಂದ ಗಾಳಿ ತುಂಬೋಣ ಎಂದೆ. ಆಗ ಎರಡಕ್ಕೂ ಒಂದೇ ಗಾಳಿ. ಮೊದಲ ಸಲ ಹಳೆಯ ಸ್ಟೆತಾಸ್ಕೋಪಿನ ಪೈಪು ಹಾಕಿದೆವು. ಗ್ಯಾರೇಜಿನ ಮುಂದಿನ ಹಂಪು ಹಾರಿಸಿದ ಕೂಡಲೇ ಅದು ಪಟ್ಟೆಂದು ಕಿತ್ತು ನಮ್ಮವರ ಗಲ್ಲಕ್ಕೆ ಬಡಿಯಿತು, ಅಂಗಿಯ ತುಂಬ ಆಯಿಲ್. ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪೇಷೆಂಟ್ ಬದುಕ್ತಾರಾ ನರ್ಸಮ್ಮ ಎಂದು ಕೇಳಿದರು. ನಾನು ಒಳಗೆ ಹೋಗಿ, ಗದ್ದೆಗೆ ಔಷಧಿ ಹೊಡೆಯುವ ಸ್ಪ್ರೇಯರಿನ ದಪ್ಪ ಪೈಪು ತಂದು ಅವರ ಮುಂದಿಟ್ಟೆ. ಅದು ಕೊನೆಯವರೆಗೂ ಜಗ್ಗಲಿಲ್ಲ.

ಗಾಳಿ ತುಂಬುವುದು ನನ್ನ ಕೆಲಸವಾಯಿತು. ಬುರುಡೆ ಒತ್ತಿ, ಪಾದರಸ ಏರುವುದನ್ನು ನೋಡಿ, ನನಗೆ ಬೇಕಾದ ಗೆರೆಗೆ ಬಂದ ಕೂಡಲೇ ಕವಲಿನ ರಬ್ಬರನ್ನು ಬೆರಳಲ್ಲಿ ಹಿಸುಕಿ, ಮಡಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟುವುದು. ಫೋರ್ಕಿನೊಳಗೆ ಗಾಳಿಗೆ ಇರುವ ಜಾಗ ಬಹಳ ಚಿಕ್ಕದು, ಒಂದಿಷ್ಟು ಸೋರಿದರೂ ಅರ್ಧ ಹೋದಂತೆ. ಕಟ್ಟುವುದು ಕೈಗೆ ಹತ್ತುವ ತನಕ ಎಷ್ಟೋ ಸಂಜೆ ಬೇಕಾಯಿತು.

ನಮ್ಮವರು ಗುಡವಿಯ ಕಡೆಯ ಮಣ್ಣುದಾರಿಯಲ್ಲಿ ಹೋಗಿ ಬಂದು ಕೈ ಚಾಚುತ್ತಿದ್ದರು. ನಾನು ಮಣಿಕಟ್ಟನ್ನು ಒತ್ತಿ ನೋಡುತ್ತಿದ್ದೆ, ಎಲ್ಲಿ ನೋವು, ಎಲ್ಲಿ ಬಿಸಿ, ಎಲ್ಲಿ ಬಾವು ಎಂದು. ನೋವಿದ್ದರೆ ಗಾಳಿ ಇಳಿಸುವುದು. ತಳ ಬಡಿದರೆ ಏರಿಸುವುದು. ಕೊನೆಗೊಂದು ಸಂಜೆ ಕೈ ಒತ್ತಿದರೆ ಅವರು ಗುಡವಿಯ ಕೆರೆಯಲ್ಲಿ ಕೂತಿದ್ದ ಯಾವುದೋ ಹಕ್ಕಿಯ ವಿಷಯ ಹೇಳುತ್ತಿದ್ದರು, ಕೈಯ ಮಾತೇ ಎತ್ತಲಿಲ್ಲ. ಆ ಗೆರೆಯನ್ನೇ ಖಾಯಂ ಮಾಡಿದೆ. ಪಾದರಸ ಇನ್ನೂರರ ಹತ್ತಿರ ನಿಂತಿತ್ತು. ಮನುಷ್ಯರಾಗಿದ್ದರೆ ಆ ಬಿ.ಪಿ.ಗೆ ತಕ್ಷಣ ಮಲಗಿಸುತ್ತಿದ್ದೆ, ಫೋರ್ಕಿಗೆ ಅದೇ ಆರೋಗ್ಯ.

ಓಟದ ದಿನ ಬಂತು. ನಮ್ಮಲ್ಲಿ ಎರಡು ಕಡೆಯವರಿಗೂ ಒಂದು ಕಟ್ಟುಪಾಡು ಇತ್ತು. ಬೆಳಿಗ್ಗೆ ಮನೆಯಂಗಳದಲ್ಲೇ ಬೈಕನ್ನು ಪೂರ್ತಿ ಸಜ್ಜು ಮಾಡಿ, ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಪೂಜೆ ಮಾಡಿದ ಮೇಲೆ ಓಟ ಮುಗಿಯುವವರೆಗೆ ಅದಕ್ಕೆ ಕಬ್ಬಿಣ ಮುಟ್ಟಿಸುವಂತಿಲ್ಲ. ಸ್ಪ್ಯಾನರ್ ಇಲ್ಲ, ಸ್ಕ್ರೂ ಡ್ರೈವರ್ ಇಲ್ಲ. ಪೂಜೆ ಮಾಡಿದ ಬೈಕನ್ನು ಮತ್ತೆ ರಿಪೇರಿ ಮಾಡುವುದೆಂದರೆ ಪೂಜೆಗೇ ಅವಮಾನ. ಅಣ್ಣನೂ ಹಾಗೇ, ನಮ್ಮವರೂ ಹಾಗೇ. ತಂಪು ಹೊತ್ತಿನಲ್ಲಿ ನಾನು ಪಾದರಸ ನೋಡಿ ಗಾಳಿ ತುಂಬಿ ಕಟ್ಟಿದೆ, ಪೂಜೆಯಾಯಿತು, ಬೈಕನ್ನು ಟ್ರ್ಯಾಕ್ಟರಿನ ಟ್ರೈಲರಿಗೆ ಹೇರಿಕೊಂಡು ಹೊರಟೆವು. ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಓಟ ಬಿಡುವುದು ಕುರಿಗಳು ಏರಿಯ ಮರಗಳ ನೆರಳಿಗೆ ಬಂದ ಮೇಲೆ. ಅಷ್ಟರಲ್ಲಿ ನೆತ್ತಿ ಸುಡುತ್ತಿರುತ್ತದೆ, ಆ ವರ್ಷವಂತೂ ಹಿಂದೆಂದೂ ಕಾಣದ ಬಿಸಿಲು. ಬೈಕುಗಳೆಲ್ಲ ಬಯಲಿನಲ್ಲಿ ಸಾಲಾಗಿ ನಿಂತಿದ್ದವು. ನಮ್ಮವರು ಬೈಕಿನ ಮೇಲೆ ಕೂತು ಹ್ಯಾಂಡಲ್ ಒತ್ತಿ ನೋಡಿದರು. ಮತ್ತೊಮ್ಮೆ ಒತ್ತಿದರು. ನನ್ನ ಕಡೆ ನೋಡಿದರು. ಬೆಳಿಗ್ಗೆ ಸಲೀಸಾಗಿ ಇಳಿಯುತ್ತಿದ್ದ ಫೋರ್ಕು ಈಗ ಬಿಗಿದುಕೊಂಡಿತ್ತು. ಕಟ್ಟಿದ ಗಂಟು ಹಾಗೇ ಇದೆ, ಗಾಳಿ ಹೋಗಿದ್ದರೆ ಮೆತ್ತಗಾಗಬೇಕು, ಇದು ಗಟ್ಟಿಯಾಗಿದೆ. ಫೋರ್ಕಿನ ಕೊಳವೆ ಮುಟ್ಟಿದೆ. ಒಲೆಯಿಂದ ಇಳಿಸಿದ ಪಾತ್ರೆಯಂತೆ ಸುಟ್ಟಿತು. ಆಗ ತಿಳಿಯಿತು. ಒಳಗಿನ ಗಾಳಿಗೂ ಬಿಸಿಲು ತಾಗಿದೆ, ಕಾದ ಗಾಳಿ ಹಿಗ್ಗಿ ಒತ್ತುತ್ತಿದೆ.

ಪೆಟ್ಟಿಗೆ ತೆರೆದೆ. ಪೂಜೆ ಆಗಿದೆ, ಮುಟ್ಟಬೇಡ ಎಂದು ನಮ್ಮ ಕಡೆಯವರೇ ಅಡ್ಡ ಬಂದರು. ಕಬ್ಬಿಣ ತಾನೇ ಮುಟ್ಟಿಸಬಾರದು, ಇದು ರಬ್ಬರು, ಇದು ಗಾಜು, ಇದು ಪಾದರಸ, ಕಬ್ಬಿಣ ಎಲ್ಲಿದೆ ತೋರಿಸಿ ಎಂದೆ. ಕವಲನ್ನು ಬೆರಳಲ್ಲೇ ಹಿಸುಕಿ ಹಿಡಿದು, ಗಂಟು ಬಿಚ್ಚಿ, ಪೆಟ್ಟಿಗೆಯ ಪೈಪಿಗೆ ಸೇರಿಸಿದೆ. ಪಾದರಸ ಸರ್ರನೆ ಏರಿ ನನ್ನ ಗೆರೆಯನ್ನು ದಾಟಿ ಬಹಳ ಮೇಲೆ ನಿಂತಿತು. ಬುರುಡೆಯ ತಿರುಪು ಸಡಿಲಿಸಿ ಬೆಳಗಿನ ಗೆರೆಗೆ ಇಳಿಸಿ ಮತ್ತೆ ಕಟ್ಟಿದೆ. ಅಷ್ಟರಲ್ಲಿ ಕೆರೆಗೆ ಬಂದವರೆಲ್ಲ ಸುತ್ತ ಸೇರಿದ್ದರು. ಬೈಕಿಗೆ ಬಿ.ಪಿ. ಅಂತೆ ಎಂದು ಹಿಂದಿನವರಿಗೆ ಮುಂದಿನವರು ಹೇಳುತ್ತಿದ್ದರು. ನಮ್ಮವರು ಹ್ಯಾಂಡಲ್ ಒತ್ತಿ ತಲೆಯಾಡಿಸಿದರು.

ಆಗ ಆಚೆ ಕಡೆ ಅಣ್ಣ ತನ್ನ ಬೈಕಿನ ಮೇಲೆ ಕೂತದ್ದು ಕಾಣಿಸಿತು. ಅವನೂ ಹ್ಯಾಂಡಲ್ ಒತ್ತಿದ. ಅದು ಅಲ್ಲಾಡಲೇ ಇಲ್ಲ. ನಮ್ಮದಕ್ಕೆ ಸ್ಪ್ರಿಂಗಿನ ಆಸರೆ ಇತ್ತು, ಗಾಳಿ ಬರೀ ಮೇಲೊಗ್ಗರಣೆ. ಅವನದು ಪೂರ್ತಿ ಗಾಳಿಯ ಮೇಲೆ ನಿಂತ ಫೋರ್ಕು, ಅದೂ ತಂಪಿನಲ್ಲಿ ಅಂದಾಜಿನ ಮೇಲೆ ಹೊಡೆದ ಗಾಳಿ. ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ. ಈ ಸಲ ನಮ್ಮವರು ಗೆಲ್ಲುತ್ತಾರೆ ಎಂದು ನನಗೆ ಗೊತ್ತಾಗಿಹೋಗಿತ್ತು. ಅತ್ತಿಗೆ ಏರಿಯ ಮೇಲೆ ಮಿರ್ಚಿಯ ಪೊಟ್ಟಣ ಬಿಚ್ಚಿ ಕೂತಿದ್ದರು, ಈ ವರ್ಷವೂ ತೊಳೆಯುವುದನ್ನು ನೋಡಲು. ಅದನ್ನೂ ನೋಡಿದೆ. ಆಮೇಲೆ ಅಣ್ಣನ ಎರಡು ಮಣಿಕಟ್ಟುಗಳನ್ನು ನೋಡಿದೆ. ಒಂದು ಕೈ ಹೇಗೆ ಮುರಿಯುತ್ತದೆಂದು ನಾನು ಒಮ್ಮೆ ಕೇಳಿಸಿಕೊಂಡವಳು. ಪೆಟ್ಟಿಗೆ ಎತ್ತಿಕೊಂಡು ಅತ್ತ ನಡೆದೆ. ನಡೆಯುತ್ತ ನಡೆಯುತ್ತಲೇ ನನ್ನ ನಾಲಿಗೆ ಶಿಕಾರಿಪುರದ್ದಾಯಿತು.

“ಅಣ್ಣ, ನಿನ್ನ ಫೋರ್ಕು ಕಲ್ಲಾಗೈತಿ. ಬಿಸಲಿಗೆ ಗಾಳಿ ಹಿಗ್ಗೈತಿ. ಇಳಿ ಕೆಳಗ.”

ಪೂಜೆ ಆಗೈತಿ ತಂಗಿ ಎಂದು ಅವನು ಶುರು ಮಾಡಿದ. ಅವನ ಕಡೆಯವರು, ಸೊರಬದವಳು ಗಾಳಿ ತೆಗೆಯಲು ಬಂದಳು, ಬಿಡಬೇಡ ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ನಾನು ಸೊರಬದವಳಲ್ಲ, ಇವನ ತಂಗಿ, ಇವನ ಕೈ ಮುರಿದರೆ ರಾಗಿ ಅಂಬಲಿ ಕಾಸಿ ಕೊಡುವವಳು ನಾನೇ, ನೀವಲ್ಲ ಎಂದು ಬಾಯಿ ಮಾಡಿದೆ. ಅಣ್ಣ ಇಳಿದು ಪಕ್ಕಕ್ಕೆ ನಿಂತ. ಅವನ ಫೋರ್ಕಿನ ಎಡ ಕೊಳವೆಯ ಗಾಳಿ ಪೆಟ್ಟಿಗೆಯ ಗೆರೆಗಳ ತುದಿ ಮುಟ್ಟಿತು, ಬಲ ಕೊಳವೆಯದು ಅದಕ್ಕಿಂತ ಬಹಳ ಕೆಳಗಿತ್ತು. ಓಟದ ಕೊನೆಗೆ ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆ, ನೆಲವೇ ಹಾಗೆ ಎಂದು ಅವನು ವರ್ಷಗಳಿಂದ ಹೇಳುತ್ತಿದ್ದ. ನೆಲದ ತಪ್ಪೇನೂ ಇರಲಿಲ್ಲ. ಎರಡನ್ನೂ ಸಮ ಮಾಡಿದೆ. ಅವನು ಹತ್ತಿ ಒತ್ತಿದ, ಫೋರ್ಕು ಮೆತ್ತಗೆ ಇಳಿದು ಎದ್ದಿತು. ಅವನು ನನ್ನನ್ನೇ ನೋಡಿದ.

ಹಿರಿಯರು ಕಂಬಳಿ ಬೀಸಿದರು. ಆ ಓಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮೊದಲ ಸುತ್ತಿನಿಂದಲೇ ಉಳಿದವರು ಹಿಂದೆ ಬಿದ್ದರು. ನನ್ನ ಗಂಡ ಮತ್ತು ನನ್ನ ಅಣ್ಣ ಜೋಡೆತ್ತಿನಂತೆ ಅಕ್ಕಪಕ್ಕ ಹೋಗುತ್ತಿದ್ದರು, ಗುಳಿಗಳ ಮೇಲೆ ಇಬ್ಬರ ಮುಂದಿನ ಚಕ್ರಗಳೂ ಕುಣಿಯುತ್ತಿದ್ದವು, ಇಬ್ಬರ ಕೈಗಳೂ ಅಲುಗುತ್ತಿರಲಿಲ್ಲ. ಎರಡೂ ನನ್ನ ಕೈಯ ಗಾಳಿ. ಪ್ರತಿ ಸುತ್ತಿಗೂ ನಮ್ಮವರು ಏರಿಯಿಂದ ಹಾರಿದಾಗ ಕಣ್ಣು ಬಿಟ್ಟುಕೊಂಡೇ ಇದ್ದೆ, ಕಿವಿ ಮಾತ್ರ ಆ ಸದ್ದಿಗೆ ಕಾಯುತ್ತಿತ್ತು. ಕೊನೆಯ ಸುತ್ತಿನಲ್ಲೂ ಹಾರಿದರು. ಫೋರ್ಕು ಇಳಿಯಿತು, ಇಳಿಯಿತು, ಇನ್ನೇನು ತಳ ಎನ್ನುವಾಗ ಏನೋ ಹಿಡಿದಂತೆ ನಿಂತು, ಮೇಲೆ ಬಂತು. ಸದ್ದಿಲ್ಲ. ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಅಲ್ಲೇ ಅತ್ತೆ. ಓಟದ ಕೊನೆಯ ಗೆರೆ ದಾಟುವಾಗ ಅಣ್ಣನ ಚಕ್ರ ಮುಂದಿತ್ತು. ಅದು ನನಗೆ ಆಮೇಲೆ ಬೇರೆಯವರು ಹೇಳಿದ ಮೇಲೆ ಗೊತ್ತಾಯಿತು.

ನೀನು ಆಚೆ ಹೋಗದೆ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ನಮ್ಮ ಕಡೆಯ ಒಬ್ಬರು ನನ್ನ ಮುಖಕ್ಕೇ ಅಂದರು. ಧೂಳು ಒರೆಸಿಕೊಳ್ಳುತ್ತಿದ್ದ ನಮ್ಮವರು ಅವರ ಕಡೆ ತಿರುಗಲೂ ಇಲ್ಲ. ನನ್ನನ್ನೇ ನೋಡಿ ಹೇಳಿದರು:

“ನೀನು ಹೋಗ್ದೇ ಇದ್ದಿದ್ರೆ ನಾನು ಈ ಗಾಡಿ ಹತ್ತುತ್ತಿರಲಿಲ್ಲ ಮಾರಾಯ್ತಿ.”

ಆಮೇಲೆ ತೂಬಿನ ಕಡೆ ಇಳಿದರು. ನಾನು ಬೆನ್ನಿಗೇ ಹೋದೆ. ಅಣ್ಣ ಏರಿಯ ಮೇಲೆ ಕೂರಲಿಲ್ಲ, ಮಿರ್ಚಿ ಮುಟ್ಟಲಿಲ್ಲ, ಬೈಕಿನ ಪಕ್ಕದಲ್ಲೇ ನಿಂತಿದ್ದ. ಈಸೂರಿನ ಅತ್ತಿಗೆಯೂ ಇಳಿದು ಬಂದಿದ್ದರು. ನಮ್ಮವರು ಬಟ್ಟೆಯನ್ನು ನೀರಲ್ಲಿ ಅದ್ದಿ, ಟ್ಯಾಂಕಿನಿಂದ ಶುರು ಮಾಡಿ, ಕಡ್ಡಿಗಳಿಗೆ ಇಳಿದು, ಫೋರ್ಕಿನ ಹತ್ತಿರ ಬಂದರು. ಬಟ್ಟೆ ಕೆಸರಾಗಿತ್ತು. ನೀರಲ್ಲಿ ಜಾಲಾಡಿಸಿ ಎತ್ತಿದರು. ನನ್ನ ಕಣ್ಣು ಬಟ್ಟೆಯ ಮೇಲಿತ್ತು. ಅತ್ತಿಗೆಯ ಕಣ್ಣೂ ಅಲ್ಲೇ ಇತ್ತೆಂದು ಆಮೇಲೆ ಅವರೇ ಹೇಳಿದರು. ಒದ್ದೆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ಎಡಗೈಯನ್ನು ಒಂದು ಕಡೆಗೆ, ಬಲಗೈಯನ್ನು ಇನ್ನೊಂದು ಕಡೆಗೆ ತಿರುಚಿ, ಕೊನೆಯ ಹನಿ ಬೀಳುವ ತನಕ ಹಿಂಡಿದರು.